ಓದದೆ ಹಾಕಿದ ರುಜು

ನನಗೆ ಹೊದಿಸಿದ ಶಾಲು ಇನ್ನೂ ಬೀರುವಿನಲ್ಲಿದೆ. ಮರೂನ್ ಬಣ್ಣದ್ದು, ಅಂಚಿಗೆ ಜರಿಯೆಂದು ಹೇಳಿಕೊಳ್ಳುವ ಪ್ಲಾಸ್ಟಿಕ್ ದಾರ. ರಾಮನಗರದಲ್ಲಿ ನಾನು ಪಾಠ ಮಾಡುವ ಕಾನೂನು ಕಾಲೇಜಿನ ಪ್ರಿನ್ಸಿಪಾಲರು ತುಂಬಿದ ಸಭಾಂಗಣದಲ್ಲಿ ಅದನ್ನು ನನ್ನ ಹೆಗಲ ಮೇಲೆ ಹಾಕಿದರು. ಹೊರದೇಶದ ಕಂಪನಿಯೊಂದು ನಡೆಸುವ ಕಾನೂನು ಜರ್ನಲಿನಲ್ಲಿ ನನ್ನ ಲೇಖನ ಅಚ್ಚಾಗಿತ್ತು, ಅದಕ್ಕೆ. ಹೊದಿಸಿದವರು ಲೇಖನ ಓದಿರಲಿಲ್ಲ, ಚಪ್ಪಾಳೆ ತಟ್ಟಿದವರೂ ಓದಿರಲಿಲ್ಲ. ಲೇಖನದ ಹೆಸರನ್ನು ಮೈಕಿನಲ್ಲಿ ಹೇಳುವಾಗ ಪ್ರಿನ್ಸಿಪಾಲರು ಎರಡು ಕಡೆ ಎಡವಿ, ಮೂರನೆಯ ಕಡೆ ನುಂಗಿಕೊಂಡರು. ಆವತ್ತು ನನಗೆ ಅದೆಲ್ಲ ಗೌರವ ಅನ್ನಿಸಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ನಮ್ಮ ಕಸುಬಿನಲ್ಲಿ ಲೇಖನ ಬರೆಯುವುದು ಯಾರಾದರೂ ಓದಲಿ ಎಂದಲ್ಲ, ಬಡ್ತಿಗೆ ಬೇಕಾದ ಅಂಕಗಳಿಗೆ. ಅದಕ್ಕೆಂದೇ ಒಂದು ವಾರದಲ್ಲಿ ಅಚ್ಚು ಹಾಕಿಕೊಡುವ ಜರ್ನಲ್‌ಗಳಿವೆ. ದುಡ್ಡು ಕಟ್ಟಿದರೆ ಸಾಕು, ಬರಹ ಹೇಗಿದ್ದರೂ ನಡೆಯುತ್ತದೆ. ಅವುಗಳ ಮುಖಪುಟದಲ್ಲಿ 'ಓಪನ್ ಆಕ್ಸೆಸ್' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ, ಅಂದರೆ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಪುಕ್ಕಟೆ ಕೊಟ್ಟರೂ ಯಾರೂ ಓದುವುದಿಲ್ಲ, ಯಾಕೆಂದರೆ ಒಳಗಿರುವುದು ಇನ್ನೊಬ್ಬರ ಬರಹದಿಂದ ಎತ್ತಿಕೊಂಡ ಪುಟಗಳು. ನಮ್ಮ ಸ್ಟಾಫ್ ರೂಮಿನಲ್ಲೇ ಅಂಥ ಲೇಖನಗಳ ಸರದಾರರು ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ. ನಾನು ಆ ಪೈಕಿಯವಳಲ್ಲ ಎಂಬ ಜಂಭ ನನಗೆ. ನಾನು ಕಳಿಸಿದ್ದು ಮರ್ಯಾದಸ್ಥ ಜರ್ನಲಿಗೆ. ಅದು ಓದುವವರ ಹತ್ತಿರ ದುಡ್ಡು ಕೀಳುವ ಜರ್ನಲ್ ಅನ್ನುವುದು ಆಗ ನನಗೆ ಅದರ ಘನತೆಯ ಗುರುತಾಗಿ ಕಂಡಿತ್ತು.

ಲೇಖನ ಇದ್ದದ್ದು ಹಕ್ಕು ಬಿಡುಗಡೆ ಪತ್ರಗಳ ಬಗ್ಗೆ. ಅಪ್ಪನ ಜಮೀನಿನಲ್ಲಿ ನನ್ನ ಪಾಲು ನನಗೆ ಬೇಡ, ಅಣ್ಣತಮ್ಮಂದಿರಿಗೇ ಇರಲಿ ಎಂದು ಹೆಣ್ಣುಮಕ್ಕಳು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆದುಕೊಡುವ ಕಾಗದ ಅದು. ಎರಡು ಬೇಸಿಗೆ ರಜೆಯನ್ನು ನಾನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ನೋಂದಣಿ ಕಚೇರಿಗಳ ಬೆಂಚುಗಳ ಮೇಲೆ ಕಳೆದೆ. ನಾಲ್ಕೂ ಕಡೆ ಒಂದೇ ಕ್ರಮ. ಬೆಳಿಗ್ಗೆ ಕಾರು ಬಂದು ನಿಲ್ಲುತ್ತದೆ. ಹಿಂದಿನ ಸೀಟಿನಿಂದ ಅಕ್ಕತಂಗಿಯರು ಇಳಿಯುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಅಂಗಡಿಯ ಕವರು, ಒಳಗೆ ಅಣ್ಣ ಕೊಡಿಸಿದ ಸೀರೆ. ಕೆಲವರು ಅದನ್ನೇ ಉಟ್ಟು ಬಂದಿರುತ್ತಾರೆ, ಮಡಿಕೆಯ ಗೆರೆ ಇನ್ನೂ ಹೋಗಿರುವುದಿಲ್ಲ. ಪತ್ರ ಬರಹಗಾರ ಹಾಳೆ ತಿರುವುತ್ತಾ, ಇಲ್ಲಿ, ಇಲ್ಲಿ, ಇಲ್ಲಿ ಎಂದು ಬೆರಳಿಡುತ್ತಾನೆ. ರುಜು ಬಂದವರು ರುಜು, ಬಾರದವರು ಹೆಬ್ಬೆಟ್ಟು, ಆಮೇಲೆ ಕ್ಯಾಮೆರಾಕ್ಕೆ ಮುಖ. ಅದು ಮುಗಿದ ಮೇಲೆ ಮಿಲಿಟರಿ ಹೋಟೆಲಿನಲ್ಲಿ ಬಿರಿಯಾನಿ. ಸಂಜೆಗೆ ಅವರವರ ಮನೆ.

ಪ್ರತಿ ಕಾಗದದ ಕೊನೆಯಲ್ಲೂ 'ಓದಿಸಿ ಕೇಳಿ, ಸರಿಯೆಂದು ತಿಳಿದು ರುಜು ಹಾಕಿರುತ್ತೇನೆ' ಎಂಬ ಸಾಲು ಇದ್ದೇ ಇರುತ್ತದೆ. ಓದಿಸಿದವರನ್ನೂ ನಾನು ಕಾಣಲಿಲ್ಲ, ಕೇಳಿದವರನ್ನೂ ಕಾಣಲಿಲ್ಲ. ಮಾಗಡಿಯ ಒಬ್ಬ ಪತ್ರ ಬರಹಗಾರನನ್ನು ಕೇಳಿದೆ, ಒಂದು ಸಲ ಜೋರಾಗಿ ಓದಿ ಹೇಳಬಾರದೇ ಎಂದು.

"ಓದ್ಕಂಡು ಕುಂತ್ರೆ ಬಿರಿಯಾನಿ ಆರೋಯ್ತದೆ ಮೇಡಂ," ಎಂದ. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

ಆ ಕಚೇರಿಯಲ್ಲಿ ನಕಲು ತೆಗೆಸಿದ, ನಾಲ್ಕು ವರ್ಷ ಹಳೆಯ ಒಂದು ಪತ್ರದ ವಿಳಾಸ ಹಿಡಿದು ಕಲ್ಯಕ್ಕೆ ಹೋದೆ. ಬರೆದುಕೊಟ್ಟವರು ಐವತ್ತರ ಆಸುಪಾಸಿನ ಹೆಂಗಸು, ಕಲ್ಯದ ಸೊಸೆ, ತವರು ಕೆಂಪಾಪುರದ ಕಡೆ. ಅವರನ್ನು ನಾನು ಅಕ್ಕ ಎಂದೇ ಕರೆದೆ, ಈಗಲೂ ಹಾಗೇ ಕರೆಯುತ್ತೇನೆ. ಜಗುಲಿಯ ಮೇಲೆ ಹುಣಸೇಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು, ಆಮೇಲೆ ಏನು ಬಂದದ್ದು ಎಂದು ಕೇಳಿದರು. ಪತ್ರದ ವಿಷಯ ಹೇಳಿದೆ.

"ಅದಾ. ಪೌತಿ ಖಾತೆಗೆ ಅಂತ ಸೈನು ಆಕ್ಸ್ಕಂಡ್ರು. ಅಪ್ಪ ತೀರ್ಕಂಡ್ಮೇಲೆ ಖಾತೆ ಆಗ್ಬೇಕಲ್ವ್ರಾ," ಎಂದರು.

ಪೌತಿ ಖಾತೆ ಎಂದರೆ ಸತ್ತವರ ಹೆಸರಿನಲ್ಲಿದ್ದ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಬರುವುದು. ಅದರಲ್ಲಿ ಯಾರ ಪಾಲೂ ಹೋಗುವುದಿಲ್ಲ. ನನ್ನ ಕೈಯಲ್ಲಿದ್ದದ್ದು ಬೇರೆಯೇ ಕಾಗದ. ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಹುಣಸೇಹಣ್ಣಿನ ಕೈ ಹಾಗೇ ನಿಂತಿತು.

"ಇನ್ನೊಂದ್ಸಲ ಓದಿ," ಎಂದರು. ಇನ್ನೊಂದು ಸಲ ಓದಿದೆ. ಒಳಗೆ ಹೋಗಿ ಒಂದು ಸೀರೆ ತಂದು ನನ್ನ ಮುಂದೆ ಹಾಕಿದರು. "ಅಂಗಾದ್ರೆ ಇದು ಇದ್ಕಾ," ಎಂದರು. ರೇಷ್ಮೆ ಗೂಡಿನ ಸೀಮೆಯಲ್ಲಿ ಹುಟ್ಟಿ ಬೆಳೆದ ಅಣ್ಣಂದಿರು ಒಡಹುಟ್ಟಿದವಳ ಪಾಲಿಗೆ ಕೊಟ್ಟದ್ದು ಸಿಂಥೆಟಿಕ್ ಸೀರೆ. ಮೋಸ ಮಾಡುವುದರಲ್ಲೂ ಜಿಪುಣತನ.

ಇದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಕನ್ನಡದಲ್ಲಿ ಬರೆದುಕೊಂಡೆ. ಆಮೇಲೆ ಲೇಖನದಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಅಲ್ಲಿ ಅವರು ಅಕ್ಕ ಅಲ್ಲ, ಮಾಹಿತಿದಾರರು ಸಂಖ್ಯೆ ಏಳು. ಊರು, ನಾನು ಹೋದ ತಿಂಗಳು, ಪತ್ರ ಓದಿದ ಮೇಲೆ ಅವರು ಆಡಿದ ಮಾತು, ಎಲ್ಲ ಇತ್ತು.

ಲೇಖನ ಒಪ್ಪಿಕೊಂಡಿದ್ದೇವೆ ಎಂದು ಜರ್ನಲಿನಿಂದ ಇಮೇಲ್ ಬಂತು, ಜೊತೆಗೆ ಐದು ಪುಟದ ಒಂದು ಫಾರಂ. ರುಜು ಹಾಕಿ ಕಳಿಸಿ ಎಂದಿದ್ದರು. ನಾನು ಮೊದಲ ವರ್ಷದವರಿಗೆ ಕಾಂಟ್ರಾಕ್ಟ್, ಅಂದರೆ ಕರಾರಿನ ಕಾನೂನು, ಪಾಠ ಮಾಡುವವಳು. ಓದದೆ ಯಾವುದಕ್ಕೂ ರುಜು ಹಾಕಬೇಡಿ ಎಂದು ಪ್ರತಿ ವರ್ಷ ಮೊದಲ ದಿನವೇ ಬೋರ್ಡಿನ ಮೇಲೆ ಬರೆಯುತ್ತೇನೆ. ಆವತ್ತು ಕೂಡ ಕ್ಲಾಸು ಮುಗಿಸಿಕೊಂಡು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗಿ ಪ್ರಿಂಟ್ ತೆಗೆದು, ಕೊನೆಯ ಹಾಳೆಗೆ ತಿರುವಿ, "ಇಲ್ಲಿ ಮೇಡಂ," ಎಂದು ಬೆರಳಿಟ್ಟಳು. ನಾನು ಅಲ್ಲೇ ಗಾಜಿನ ಕೌಂಟರ್ ಮೇಲೆ ಇಟ್ಟು ರುಜು ಹಾಕಿದೆ. ತಡವಾದರೆ ಅವರು ಮನಸ್ಸು ಬದಲಾಯಿಸಿಬಿಟ್ಟಾರು ಎಂಬ ಹೆದರಿಕೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಲೇಖನ ಅಚ್ಚಾದ ವರ್ಷ ಚನ್ನಪಟ್ಟಣದಲ್ಲಿ ಮನೆ ಬದಲಾಯಿಸಿದೆ. ನೋಟ್‌ಬುಕ್ಕುಗಳನ್ನು ಹಳೇ ಪೇಪರಿನ ಜೊತೆ ತೂಕಕ್ಕೆ ಹಾಕಿದೆ. ಇಂಗ್ಲಿಷಿನಲ್ಲಿ ಅಚ್ಚಾಗಿರುವಾಗ ಕನ್ನಡದ ಗೀಚು ಯಾಕೆ ಎಂದುಕೊಂಡಿರಬೇಕು. ನನ್ನ ಬುದ್ಧಿಯ ಮಟ್ಟ ಅದು.

ಕೆಲವು ವರ್ಷಗಳ ಮೇಲೆ ಅಕ್ಕ ಕಾಲೇಜಿಗೆ ಬಂದರು. ಮಾಗಡಿಯಿಂದ ಬಸ್ಸು ಹಿಡಿದು, ದಾರಿಯುದ್ದಕ್ಕೂ ಕೇಳಿಕೊಂಡು ಬಂದಿದ್ದರು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತವರನ್ನು ನಮ್ಮ ಸರದಾರರೊಬ್ಬರು ಫೀಸು ಕಟ್ಟಲು ಬಂದ ಯಾರದೋ ತಾಯಿ ಎಂದುಕೊಂಡು ಆಫೀಸಿನ ಕಡೆ ಕೈ ತೋರಿಸಿದ್ದರಂತೆ. ನಾನು ಕರೆದು ಕೂರಿಸಿದೆ.

"ಕೇಸು ಆಕಿವ್ನಿ ಮೇಡಮ್ಮೋರೆ," ಎಂದರು. "ನೀವು ಬಂದೋದ್ ವರ್ಸುವೇ ಆಕ್ದೆ. ಈಗ ಅಣ್ಣದೀರ ಲಾಯ್ರು ಏನಂತಾನೆ ಅಂದ್ರೆ, ಇವ್ಳು ಏಳ್ನೇ ಕ್ಲಾಸು ಓದವ್ಳೆ, ರುಜು ಆಕವ್ಳೆ, ಆಕಿದ್ ದಿನವೇ ಎಲ್ಲಾ ಗೊತ್ತಿತ್ತು, ಟೈಮು ಮೀರೋಗೈತೆ ಅಂತಾನೆ. ನಂಗೆ ಗೊತ್ತಾಗಿದ್ದು ನೀವು ಜಗ್ಲಿ ಮ್ಯಾಲೆ ಓದಿ ಯೋಳಿದ್ರಲ್ಲ, ಅವತ್ತೇಯ. ಅದ್ನ ನೀವು ಪುಸ್ತಕ್ದಾಗೆ ಬರ್ದಿದೀರಂತಲ್ಲ. ಅದ್ನ ಒಸಿ ಕೊಡಿ."

ವಿಷಯ ಇಷ್ಟೇ. ಮೋಸದಿಂದ ಬರೆಸಿಕೊಂಡ ಪತ್ರವನ್ನು ಪ್ರಶ್ನಿಸಲು, ಮೋಸ ಗೊತ್ತಾದ ದಿನದಿಂದ ಮೂರು ವರ್ಷ ಅವಕಾಶ. ರುಜು ಹಾಕಿದ ದಿನವೇ ಗೊತ್ತಿತ್ತು ಎಂದಾದರೆ ಅವರ ದಾವೆ ತಡವಾಗಿತ್ತು. ನಾನು ಓದಿ ಹೇಳಿದ ದಿನ ಗೊತ್ತಾಯಿತು ಎಂದಾದರೆ ಸಮಯದೊಳಗಿತ್ತು. ತಡವಾಯಿತೆಂದು ಕೋರ್ಟು ಒಪ್ಪಿಬಿಟ್ಟರೆ ಅಪ್ಪನ ಜಮೀನಿನಲ್ಲಿ ಅಕ್ಕನಿಗೆ ಉಳಿಯುವುದು ಆ ಸಿಂಥೆಟಿಕ್ ಸೀರೆ ಮಾತ್ರ. ಆ ದಿನವನ್ನು ಬರೆದಿಟ್ಟವಳು ಲೋಕದಲ್ಲಿ ನಾನೊಬ್ಬಳೇ.

ಮಾಗಡಿಯಲ್ಲಿದ್ದ ಅವರ ವಕೀಲರಿಗೆ ಅಲ್ಲಿಂದಲೇ ಫೋನು ಮಾಡಿದೆ. ವಯಸ್ಸಾದವರು, ಮಾತು ಚುಟುಕು. ನೀವು ಬಂದು ಸಾಕ್ಷಿ ಹೇಳಬೇಕು, ಬರೀ ಬಾಯಿಮಾತಿಗೆ ಬೆಲೆ ಕಡಿಮೆ, ನೋಟ್‌ಬುಕ್ ತನ್ನಿ ಎಂದರು. ಅದು ಇಲ್ಲ ಎಂದೆ. ಕಂಪ್ಯೂಟರಿನಲ್ಲಿ ಲೇಖನದ ಕರಡು ಇದೆ ಎಂದೆ.

"ಕರಡು ನಿನ್ನೆ ಸಾಯಂಕಾಲನೂ ಟೈಪ್ ಮಾಡ್ಬೋದು ಕಣಮ್ಮ. ಅಚ್ಚಾಗಿರೋದು ತನ್ನಿ," ಎಂದರು.

ಅಚ್ಚಾದದ್ದು ನನ್ನ ಹತ್ತಿರ ಇರಲಿಲ್ಲ. ಜರ್ನಲಿನವರು ಲೇಖಕರಿಗೆ ಪ್ರತಿ ಕಳಿಸುವ ಪದ್ಧತಿ ನಿಲ್ಲಿಸಿ ಕಾಲವಾಗಿತ್ತು. ಕೊಟ್ಟಿದ್ದ ಲಿಂಕು ಕೆಲವು ವಾರಗಳಲ್ಲಿ ಸತ್ತುಹೋಗಿತ್ತು. ನಾನು ಒತ್ತಿ ನೋಡಿದ್ದೂ ಒಂದೇ ಸಲ, ನನ್ನ ಹೆಸರು ಸರಿಯಾಗಿ ಬಂದಿದೆಯೋ ಎಂದು.

"ನೀವು ಬರ್ದಿದ್ದು ನಿಮ್ಮತ್ರನೇ ಇಲ್ವಾ?" ಎಂದು ಅಕ್ಕ ಕೇಳಿದರು. ನಾನು ನಾಳೆ ಕೊಡಿಸುತ್ತೇನೆ ಎಂದು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕಳಿಸಿ ಬಂದೆ.

ಮೊದಲು ಪ್ರಿನ್ಸಿಪಾಲರ ಹತ್ತಿರ ಹೋದೆ. ಕಾಲೇಜು ಒಂದು ಕಾಲಕ್ಕೆ ಆ ಜರ್ನಲಿಗೆ ಚಂದಾ ಕಟ್ಟುತ್ತಿತ್ತು. ಅವರು ಕುರ್ಚಿಗೆ ಒರಗಿ, "ಯಾರೂ ಓದಲ್ಲ ಅಂತ ನಿಲ್ಲಿಸಿದೀವಲ್ಲ ಮೇಡಂ. ಶಾಲಿನ ಜೊತೆ ನಿಮಗೆ ಕೊಟ್ಟ ಸರ್ಟಿಫಿಕೇಟ್ ಇದೆಯಲ್ಲ, ಅದನ್ನೇ ಕೋರ್ಟಿಗೆ ಹಾಜರು ಮಾಡಿ," ಎಂದರು. ಕಿಟಕಿಯಾಚೆ, ಚಂದಾ ನಿಲ್ಲಿಸಿದ ವರ್ಷ ಕಟ್ಟಿಸಿದ ಕಮಾನು ಕಾಣುತ್ತಿತ್ತು. ಜರ್ನಲಿನ ದುಡ್ಡು ಅಲ್ಲಿಗೆ ಹೋಗಿತ್ತೆಂದು ಎಲ್ಲರಿಗೂ ಗೊತ್ತು. ಕಮಾನಿನ ಮೇಲೆ ವಿದ್ಯೆಯ ಬಗ್ಗೆ ಒಂದು ಸಂಸ್ಕೃತ ಸಾಲು ಕೂಡ ಇದೆ.

ಜರ್ನಲಿನವರಿಗೆ ಬರೆದೆ. ನಾನೇ ಲೇಖಕಿ, ಒಬ್ಬ ಹೆಣ್ಣುಮಗಳ ಮೊಕದ್ದಮೆಗೆ ಬೇಕಾಗಿದೆ, ಒಂದು ಪ್ರತಿ ಕಳಿಸಿ ಎಂದು. ಉತ್ತರ ಬಂತು, ಬೆಣ್ಣೆಯಂಥ ಇಂಗ್ಲಿಷಿನಲ್ಲಿ. ನಿಮ್ಮ ಪರಿಸ್ಥಿತಿ ನಮಗೆ ಅರ್ಥವಾಗುತ್ತದೆ, ಆದರೆ ಲೇಖನದ ಹಕ್ಕು ಕಂಪನಿಯದು, ಎಲ್ಲರಂತೆ ನೀವೂ ಕೊಂಡುಕೊಳ್ಳಬಹುದು. ಎಲ್ಲರೂ ಪುಕ್ಕಟೆ ಓದುವಂತಾಗಬೇಕು ಎಂದರೆ ಅದಕ್ಕೂ ಅವರಲ್ಲಿ ಏರ್ಪಾಡಿದೆ, ಓಪನ್ ಆಕ್ಸೆಸ್ ಶುಲ್ಕ ಕಟ್ಟಿದರೆ ಬೀಗ ತೆಗೆಯುತ್ತಾರೆ. ಆ ಶುಲ್ಕ ಕಟ್ಟಲು ನಾನು ತಿಂಗಳುಗಟ್ಟಲೆ ಸಂಬಳ ಮುಟ್ಟದೆ ಉಪವಾಸ ಇರಬೇಕಿತ್ತು. ಬರೆಯುವಾಗ ಅವರು ನನಗೆ ಬಿಡಿಕಾಸು ಕೊಟ್ಟಿರಲಿಲ್ಲ. ಲೇಖನವನ್ನು ತಿದ್ದಿ ಸಲಹೆ ಕೊಟ್ಟ ಪ್ರೊಫೆಸರುಗಳಿಗೂ ಕೊಡುವುದಿಲ್ಲವಂತೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಆ ಉತ್ತರದ ಜೊತೆ ನಾನು ರುಜು ಹಾಕಿದ ಫಾರಮ್ಮನ್ನೂ ಲಗತ್ತಿಸಿದ್ದರು. ಅದನ್ನು ನಾನು ಮೊದಲ ಸಲ ಓದಿದೆ. ಲೇಖನದ ಸಕಲ ಹಕ್ಕುಗಳನ್ನೂ, ಶಾಶ್ವತವಾಗಿ, ಲೋಕದ ಎಲ್ಲ ದೇಶಗಳಲ್ಲಿ, ಎಲ್ಲ ಭಾಷೆಗಳಲ್ಲಿ ಬಿಟ್ಟುಕೊಟ್ಟಿದ್ದೆ. ಎಲ್ಲ ಭಾಷೆಗಳಲ್ಲಿ ಎಂದರೆ ಕನ್ನಡವೂ ಬಂತು. ಅಕ್ಕ ಕಲ್ಯದ ಜಗುಲಿಯ ಮೇಲೆ ಆಡಿದ ಮಾತು ಆ ಲೇಖನದೊಳಗೆ ಸೇರಿಕೊಂಡು, ಸಮುದ್ರದಾಚೆಯ ಕಂಪನಿಯ ಸ್ವತ್ತಾಗಿತ್ತು. ನನ್ನ ರುಜುವಿನ ಮೇಲ್ಗಡೆ ಒಂದು ಸಾಲು: ಮೇಲಿನದೆಲ್ಲವನ್ನೂ ಓದಿ, ಅರ್ಥ ಮಾಡಿಕೊಂಡು ಒಪ್ಪಿದ್ದೇನೆ. ಇಂಥದೇ ಸಾಲನ್ನು ನೋಡಿ ನೋಡಿ ನಗುತ್ತಾ ಎರಡು ಬೇಸಿಗೆ ಬೆಂಚು ಸವೆಸಿದವಳು ನಾನು. ಕನ್ನಡಿಯ ಮುಂದೆ ನಿಂತು ಉಗಿದುಕೊಳ್ಳಬೇಕು ಅನ್ನಿಸಿತು.

ಕೊನೆಗೆ ಕಾರ್ಡು ಹಾಕಿ ನನ್ನ ಲೇಖನವನ್ನು ನಾನೇ ಕೊಂಡುಕೊಂಡೆ. ಅದೇ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಪ್ರತಿ ಪುಟದ ಅಡಿಯಲ್ಲೂ ಕಂಪನಿಯ ಹೆಸರು ಕೂತಿತ್ತು, ತೊಟ್ಟಿಲ ಮೇಲೆ ಬೇರೆಯವರ ಹೆಸರು ಬರೆದ ಹಾಗೆ.

ಸಾಕ್ಷಿ ಹೇಳಲು ಮಾಗಡಿ ಕೋರ್ಟಿಗೆ ಹೋದೆ. ಅಣ್ಣಂದಿರು ಕೊಟ್ಟ ಆ ಸೀರೆಯನ್ನೇ ಅಕ್ಕ ಉಟ್ಟು ಬಂದಿದ್ದರು. ಕೇಸಿನ ದಿನವೆಲ್ಲ ಅದನ್ನೇ ಉಡುವುದು, ಅವರ ಕಣ್ಣಿಗೆ ಬೀಳಲಿ ಎಂದು ಹಟ. ಅಣ್ಣಂದಿರು ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ ಎದುರು ಬೆಂಚಿನ ಮೇಲೆ ಕೂತು ಫೋನು ನೋಡುತ್ತಿದ್ದರು. ವಕೀಲರ ಕುರ್ಚಿಗಳಲ್ಲಿ ಕರಿ ಕೋಟು ಹಾಕಿಕೊಂಡ ನನ್ನ ಹಳೆಯ ವಿದ್ಯಾರ್ಥಿಗಳು ಇಬ್ಬರಿದ್ದರು. ನನ್ನನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದರು. ಆಗ ಹಿತವಾಗಿತ್ತು.

ಅಕ್ಕನ ವಕೀಲರು ಕೇಳಿದ್ದಕ್ಕೆಲ್ಲ ಹೇಳಿದೆ. ಯಾವ ತಿಂಗಳು ಹೋದೆ, ಏನು ಓದಿದೆ, ಅವರು ಏನೆಂದರು. ಲೇಖನವನ್ನು ದಾಖಲೆಯೆಂದು ತೆಗೆದುಕೊಂಡರು. ಆಮೇಲೆ ಅಣ್ಣಂದಿರ ವಕೀಲ ಎದ್ದ. ನಗುಮುಖದವನು. ಪುಟ ತಿರುವಿ ಅಡಿಯಲ್ಲಿ ಬೆರಳಿಟ್ಟ.

"ಈ ಲೇಖನ ಯಾರದು?"

"ನನ್ನದು."

"ಇಲ್ಲಿ ಯಾರ ಹೆಸರಿದೆ, ಓದಿ ಹೇಳಿ." ಕಂಪನಿಯ ಹೆಸರು ಓದಿದೆ. "ಹಾಗಾದರೆ ನಿಮ್ಮದಲ್ಲ. ಹಕ್ಕು ಬರೆದುಕೊಟ್ಟಿದ್ದೀರಿ."

"ಹೌದು."

"ಬೇರೆಯವರ ಸ್ವತ್ತನ್ನು ತಂದು ನನ್ನದು ಅಂತ ಕೋರ್ಟಿಗೆ ತೋರಿಸ್ತಿದ್ದೀರಿ. ಬರೆದುಕೊಡುವಾಗ ಎಲ್ಲ ಓದಿ, ತಿಳಿದೇ ಬರೆದುಕೊಟ್ಟಿರಿ, ಅಲ್ಲವೇ?"

ಹೌದು ಎಂದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಕಾನೂನು ಪಾಠ ಮಾಡುವವರು ತಿಳಿದು ಬರೆದುಕೊಟ್ಟರು, ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆ ಇಬ್ಬರು ಹುಡುಗರು ನನ್ನನ್ನೇ ನೋಡುತ್ತಿದ್ದರು. ಬಾಗಿಲ ಹತ್ತಿರ ಅಕ್ಕ ಸೆರಗು ಹಿಡಿದುಕೊಂಡು ನಿಂತಿದ್ದರು. ನನಗೆ ನನ್ನ ಮೇಲೆ ಅಷ್ಟು ಹೇಸಿಗೆ ಹುಟ್ಟಿದ್ದು ಅದೇ ಮೊದಲು.

"ಇಲ್ಲ. ಓದದೆ ರುಜು ಹಾಕಿದೆ," ಎಂದೆ.

ನ್ಯಾಯಾಧೀಶರು ತಲೆಯೆತ್ತಿದರು. "ಏನು ಪಾಠ ಮಾಡ್ತೀರಮ್ಮ ನೀವು?"

"ಕಾಂಟ್ರಾಕ್ಟ್."

ವಕೀಲರ ಕುರ್ಚಿಗಳಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ನಾನು ಹೇಳಿದ್ದನ್ನು ನಿಧಾನವಾಗಿ ಹೇಳಿ ಬರೆಸಿದರು. ಅರ್ಧ ಬರೆಸುವಷ್ಟರಲ್ಲಿ ಅಣ್ಣಂದಿರ ವಕೀಲನ ನಗು ಇಳಿಯಿತು. ರುಜು ಹಾಕಿದವರು ಓದಿಯೇ ಹಾಕಿರುತ್ತಾರೆ ಅನ್ನುವುದರ ಮೇಲೆ ಅವನ ಕೇಸು ನಿಂತಿತ್ತು. ಕಾನೂನು ಕಲಿಸುವವಳೇ ಓದದೆ ಹಾಕುತ್ತಾಳೆ ಎಂದು ತಾನೇ ಕೆದಕಿ ಹೇಳಿಸಿದ್ದ. ಇನ್ನೇನೂ ಕೇಳುವುದಿಲ್ಲ ಎಂದು ಕೂತುಬಿಟ್ಟ.

ಹೊರಗೆ ಬಂದ ಮೇಲೆ ಅಕ್ಕ ನನ್ನನ್ನು ಹುಣಸೆ ಮರದ ಕೆಳಗೆ ಕರೆದುಕೊಂಡು ಹೋದರು.

"ನೀವೂ ಓದ್ದೆ ಆಕ್ಬುಟ್ರಾ ಮೇಡಮ್ಮೋರೆ?"

"ಹೂಂ ಅಕ್ಕ."

"ಏನಾರ ಕೊಟ್ರಾ ಅವ್ರು?"

"ಅವರೇನೂ ಕೊಡಲಿಲ್ಲ. ಕಾಲೇಜಿನವರು ಶಾಲು ಹೊದಿಸಿದರು."

"ಊಟ?"

"ಇಲ್ಲ. ಟೀ, ಎರಡು ಬಿಸ್ಕತ್ತು."

ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಅಂಗಾದ್ರೆ ನಮ್ಮಣ್ಣದೀರೇ ವಾಸಿ," ಎಂದರು.

ತೀರ್ಪು ಬರಲು ತಡವಾಯಿತು, ಆದರೆ ಬಂತು. ದಾವೆ ಸಮಯದೊಳಗಿದೆ, ಪತ್ರ ಮೋಸದಿಂದ ಬರೆಸಿಕೊಂಡದ್ದು, ಅಕ್ಕನ ಪಾಲು ಅಕ್ಕನದೇ. ಅಣ್ಣಂದಿರು ಅಪೀಲು ಹೋಗುತ್ತಾರಂತೆ, ಹೋಗಲಿ. ತೀರ್ಪು ಕೋರ್ಟಿನ ವೆಬ್‌ಸೈಟಿನಲ್ಲಿದೆ, ಕನ್ನಡದಲ್ಲಿ. ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ನಾನು ಆತುರದಿಂದ ನನ್ನ ಲೇಖನದ ಬಗ್ಗೆ ಏನು ಬರೆದಿದ್ದಾರೆಂದು ಹುಡುಕಿದೆ. ದಾಖಲೆಗಳ ಪಟ್ಟಿಯಲ್ಲಿ ಒಂದು ನಂಬರು, ಅಷ್ಟೇ. ವಾದಿಯ ಎರಡನೇ ಸಾಕ್ಷಿ, ಕಾಂಟ್ರಾಕ್ಟ್ ಬೋಧಿಸುವ ಉಪನ್ಯಾಸಕಿ, ತಾನೂ ಓದದೆ ರುಜು ಹಾಕಿದ್ದಾಗಿ ಒಪ್ಪಿದ್ದಾರೆ, ಹೀಗಿರುವಾಗ ಏಳನೇ ತರಗತಿ ಓದಿದ ವಾದಿ ಓದಿಯೇ ಹಾಕಿರಬೇಕೆಂದು ಹೇಳಲಾಗದು ಎಂಬ ಅರ್ಥದ ಮಾತು ಮಾತ್ರ ಎದ್ದು ಕಾಣುವಂತಿದೆ. ಲೇಖನಕ್ಕೆ ಇವತ್ತಿಗೂ ಬೀಗ. ಇಪ್ಪತ್ತು ವರ್ಷ ಕಾನೂನು ಓದಿ ಬರೆದದ್ದರಲ್ಲಿ ಊರಿಗೆಲ್ಲ ತೆರೆದಿರುವುದು ನಾನು ದಡ್ಡಿ ಅನ್ನುವ ಸಾಲೊಂದೇ.

ಸಂಜೆ ಅಕ್ಕ ಫೋನು ಮಾಡಿದರು. ಮಗಳ ಮೊಬೈಲಿನಲ್ಲಿ ತಾವೇ ಕೂತು ಓದಿದ್ದರಂತೆ, ಒಂದೊಂದೇ ಪುಟ.

"ನಿಮ್ ಸುದ್ದಿನೂ ಬಂದೈತೆ. ನೋಡುದ್ರಾ?"

"ನೋಡಿದೆ ಅಕ್ಕ."

"ನಿಮ್ದೊಂದೇ ನೋಡುದ್ರೋ, ಪೂರ್ತಿ ಓದುದ್ರೋ?"